ನವೋದ್ಯಮ ಮತ್ತು ದಿನಗಳ ಲೆಕ್ಕ: ಕಬ್ಬಿನ ಸೀಮೆಯ ಹೊಸ ಉದ್ದಿಮೆದಾರರಿಗೆ ದುಡಿಯುವ ಬಂಡವಾಳದ ಪಾಠ

ಪೀಠಿಕೆ

ಭಾರತ ಸರಕಾರವು 2016ರ ಜನವರಿ 16ರಂದು ‘ಸ್ಟಾರ್ಟ್‌ಅಪ್ ಇಂಡಿಯಾ’ ಕಾರ್ಯಕ್ರಮಕ್ಕೆ ಚಾಲನೆ ನೀಡಿತು. ಅದಕ್ಕೂ ಮುನ್ನ, 2015ರ ನವೆಂಬರ್‌ನಲ್ಲಿಯೇ, ಕರ್ನಾಟಕ ಸರಕಾರವು ತನ್ನದೇ ಆದ ನವೋದ್ಯಮ ನೀತಿಯನ್ನು ಪ್ರಕಟಿಸಿತ್ತು. 2025ರ ಜನವರಿಯ ಹೊತ್ತಿಗೆ ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯಿಂದ ಮಾನ್ಯತೆ ಪಡೆದ ನವೋದ್ಯಮಗಳ ಸಂಖ್ಯೆ 1.59 ಲಕ್ಷವನ್ನು ದಾಟಿತ್ತು. 2025ರ ನವೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟವು ಒಪ್ಪಿಗೆ ನೀಡಿದ 2025-30ರ ನೀತಿಯು ಐದು ವರ್ಷಗಳಲ್ಲಿ 25,000 ಹೊಸ ನವೋದ್ಯಮಗಳ ಗುರಿಯನ್ನು ಇರಿಸಿಕೊಂಡಿದ್ದು, ಅವುಗಳಲ್ಲಿ 10,000 ಬೆಂಗಳೂರಿನ ಹೊರಗೆ ಹುಟ್ಟಬೇಕೆಂದು ಅಪೇಕ್ಷಿಸಿದೆ.

ಆ ಹತ್ತು ಸಾವಿರದಲ್ಲಿ ಒಂದು ರಾಯಬಾಗ ತಾಲೂಕಿನ ದಿಗ್ಗೇವಾಡಿಯಂತಹ ಗ್ರಾಮದಲ್ಲಿ ಆರಂಭವಾಗಿ, ಮೂರು ವರ್ಷಗಳ ನಂತರವೂ ನಡೆಯುತ್ತಿರಬೇಕಾದರೆ ಏನು ಬೇಕು? ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಮೂರು: ಹೊಸ ಆಲೋಚನೆ, ಹೂಡಿಕೆದಾರ, ಸರಕಾರದ ಸಹಾಯಧನ. ಮೂರೂ ಬೇಕಾದವುಗಳೇ ಸರಿ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಸಣ್ಣ ಉದ್ದಿಮೆಗಳ ಜಮಾ-ಖರ್ಚನ್ನು ಗಮನಿಸಿದರೆ ನಾಲ್ಕನೆಯದೊಂದು ಅಂಶ ಇವೆಲ್ಲಕ್ಕಿಂತ ಮೊದಲು ಎದುರಾಗುತ್ತದೆ. ಕೊಟ್ಟ ಹಣ ಮರಳಿ ಕೈಸೇರಲು ಎಷ್ಟು ದಿನ ಬೇಕು, ಅಷ್ಟು ದಿನಗಳ ಭಾರವನ್ನು ಯಾರು ಹೊರುತ್ತಾರೆ ಎಂಬುದೇ ಆ ಅಂಶ. ಪ್ರಸ್ತುತ ಲೇಖನದಲ್ಲಿ ಇದನ್ನು ನಿದರ್ಶನ ಮತ್ತು ಲೆಕ್ಕದ ಮೂಲಕ ವಿವೇಚಿಸಲಾಗಿದೆ.

ನವೋದ್ಯಮ ಎಂದರೇನು?

ಆಡುಮಾತಿನಲ್ಲಿ ಹೊಸದಾಗಿ ತೆರೆದ ಯಾವ ವ್ಯವಹಾರಕ್ಕೂ ಈ ಹೆಸರು ಸಲ್ಲುತ್ತಿದೆ. ಕಾನೂನಿನ ದೃಷ್ಟಿಯಲ್ಲಿ ಹಾಗಲ್ಲ. 2019ರ ಫೆಬ್ರವರಿ 19ರ ಕೇಂದ್ರ ಅಧಿಸೂಚನೆಯು ಮಾನ್ಯತೆಗೆ ಈ ಮುಂದಿನ ಷರತ್ತುಗಳನ್ನು ವಿಧಿಸಿತು:

1. ಸಂಸ್ಥೆಯು ಖಾಸಗಿ ಸೀಮಿತ ಕಂಪನಿ, ನೋಂದಾಯಿತ ಪಾಲುದಾರಿಕೆ ಅಥವಾ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಆಗಿರಬೇಕು. ಏಕ ಒಡೆತನದ ಅಂಗಡಿಗೆ ಮಾನ್ಯತೆ ಇಲ್ಲ.
2. ಸ್ಥಾಪನೆಯಾಗಿ ಹತ್ತು ವರ್ಷ ಮೀರಿರಬಾರದು.
3. ಯಾವುದೇ ವರ್ಷದ ವಹಿವಾಟು 100 ಕೋಟಿ ರೂಪಾಯಿಗಳನ್ನು ಮೀರಿರಬಾರದು.
4. ವಸ್ತು, ಸೇವೆ ಅಥವಾ ವಿಧಾನದಲ್ಲಿ ಹೊಸತನ ಅಥವಾ ಸುಧಾರಣೆ ಇರಬೇಕು. ಇಲ್ಲವೇ ಉದ್ಯೋಗ ಮತ್ತು ಸಂಪತ್ತನ್ನು ಸೃಷ್ಟಿಸಿ ದೊಡ್ಡದಾಗಿ ಬೆಳೆಯಬಲ್ಲ ಮಾದರಿಯಾಗಿರಬೇಕು.
5. ನಡೆಯುತ್ತಿರುವ ವ್ಯವಹಾರವನ್ನು ಒಡೆದು ಅಥವಾ ಪುನರ್ರಚಿಸಿ ಮಾಡಿದ ಸಂಸ್ಥೆಯಾಗಿರಬಾರದು.

ಇಂತಹ ಮಿತಿಗಳು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಅರ್ಜಿ ಸಲ್ಲಿಸುವ ದಿನ ಜಾರಿಯಲ್ಲಿರುವ ಅಧಿಸೂಚನೆಯನ್ನೇ ನೋಡತಕ್ಕದ್ದು. ಇಲ್ಲಿ ಗಮನಿಸಬೇಕಾದ ವಿಷಯವೇನೆಂದರೆ, ನವೋದ್ಯಮದ ಮಾನ್ಯತೆ ಬೇರೆ, ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ‘ಉದ್ಯಮ್’ ನೋಂದಣಿ ಬೇರೆ. ಮೊದಲನೆಯದು ಹೊಸತನಕ್ಕೆ ಸಂಬಂಧಿಸಿದ್ದು. ಎರಡನೆಯದು ಗಾತ್ರಕ್ಕೆ ಸಂಬಂಧಿಸಿದ್ದು. 2025ರ ಏಪ್ರಿಲ್ 1ರಿಂದ ಯಂತ್ರೋಪಕರಣಗಳಲ್ಲಿ 2.5 ಕೋಟಿಯವರೆಗೆ ಹೂಡಿಕೆ ಹಾಗೂ 10 ಕೋಟಿಯವರೆಗೆ ವಹಿವಾಟು ಇರುವುದು ಸೂಕ್ಷ್ಮ ಉದ್ದಿಮೆ. 25 ಕೋಟಿ ಮತ್ತು 100 ಕೋಟಿಯವರೆಗಿನದು ಸಣ್ಣ ಉದ್ದಿಮೆ. ಗ್ರಾಮೀಣ ಉದ್ದಿಮೆದಾರನಿಗೆ ದಿನನಿತ್ಯದ ಪ್ರಯೋಜನ ಹೆಚ್ಚಾಗಿ ಎರಡನೆಯ ನೋಂದಣಿಯಿಂದಲೇ ದೊರೆಯುತ್ತದೆ ಎಂಬುದು ಮುಂದೆ ಸ್ಪಷ್ಟವಾಗುತ್ತದೆ.

ಈ ಸೀಮೆಯ ಮೂರು ನಿದರ್ಶನಗಳು

ಹೊಸ ಉದ್ದಿಮೆ ಎಂಬುದು ಈ ಭಾಗಕ್ಕೆ ಬೆಂಗಳೂರಿನಿಂದ ಬಂದ ಮಾತಲ್ಲ. ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1888ರಲ್ಲಿ ಬೆಳಗಾವಿಯಲ್ಲಿ ಸಹೋದರನೊಡಗೂಡಿ ಸೈಕಲ್ ಅಂಗಡಿ ತೆರೆದರು. ಮುಂದೆ ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲಿನ ತಯಾರಿಕೆಗೆ ಕೈಹಾಕಿದರು. ಕಬ್ಬಿಣ ತಾಗಿದರೆ ನೆಲ ಕೆಡುತ್ತದೆ ಎಂಬ ಶಂಕೆಯಿಂದ ರೈತರು ನೇಗಿಲನ್ನು ಕೊಳ್ಳಲು ಹಿಂಜರಿದರು. ಮಾರಾಟ ಕುದುರಲು ಸುಮಾರು ಎರಡು ವರ್ಷ ಹಿಡಿಯಿತೆಂದು ಆ ಉದ್ದಿಮೆಯ ಚರಿತ್ರೆ ಹೇಳುತ್ತದೆ. ಬಳಿಕ ಬೆಳಗಾವಿಯಲ್ಲಿದ್ದ ಜಾಗವನ್ನು ತೆರವು ಮಾಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ಅರಸರು ಕುಂಡಲ ರೋಡ್ ನಿಲ್ದಾಣದ ಬಳಿ ಭೂಮಿಯನ್ನೂ ಸಾಲವನ್ನೂ ಒದಗಿಸಿದರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ನಿರ್ಮಾಣವಾಯಿತು. ನೇಗಿಲು ಉತ್ತಮವಾದುದೇ ಆಗಿದ್ದರೂ ಅದು ಮಾರಾಟವಾಗುವವರೆಗೆ ಉದ್ದಿಮೆ ಉಸಿರಾಡಿದ್ದು ಮೊದಲೇ ಇದ್ದ ವ್ಯವಹಾರದ ಬಲದಿಂದ, ನಂತರ ಆತುರಪಡದ ಸಾಲದಾತನ ಬಲದಿಂದ. ಇಂದು ‘ನವೋದ್ಯಮದ ಪರಿಸರ’ ಎಂದು ಕರೆಯುವ ವ್ಯವಸ್ಥೆಯ ತಿರುಳು ಇದೇ ಆಗಿದೆ.

ಎರಡನೆಯದು ಅಥಣಿಯ ಚಪ್ಪಲಿ. ಬೆಂಗಳೂರಿನ ಅಸೆಂಟ್ ಸಂಸ್ಥೆಯು 1990ರ ದಶಕದ ಕೊನೆಯಲ್ಲಿ ಇಲ್ಲಿನ ಕುಶಲಕರ್ಮಿ ಕುಟುಂಬಗಳ ಮಹಿಳೆಯರನ್ನು ಸ್ವಸಹಾಯ ಗುಂಪುಗಳಾಗಿ ಸಂಘಟಿಸಿ, ‘ಟೋಹೋಲ್ಡ್’ ಎಂಬ ಹೆಸರಿನಲ್ಲಿ ವಿನ್ಯಾಸ, ಅಳತೆ, ಗುಣಮಟ್ಟ ಮತ್ತು ಒಟ್ಟು ಮಾರಾಟದ ವ್ಯವಸ್ಥೆ ರೂಪಿಸಿತು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ದೊರೆತಾಗ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರ ವ್ಯಾಪ್ತಿಯಲ್ಲಿ ಸೇರಿದವು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನ್‌ನ ಪ್ರದರ್ಶನದಲ್ಲಿ ಇದೇ ಮಾದರಿಯ ಪಾದರಕ್ಷೆ ತೋರಿಸಿ ಟೀಕೆಗೆ ಒಳಗಾಯಿತು. ಡಿಸೆಂಬರ್‌ನಲ್ಲಿ ಕರ್ನಾಟಕದ ಲಿಡ್ಕರ್ ಹಾಗೂ ಮಹಾರಾಷ್ಟ್ರದ ಲಿಡ್ಕಾಂ ನಿಗಮಗಳೊಂದಿಗೆ ಒಡಂಬಡಿಕೆ ಮಾಡಿಕೊಂಡಿತು. ಹೆಸರು ಎಷ್ಟು ದೂರ ತಲುಪಿದರೂ, ಚರ್ಮಕ್ಕೆ ಇಂದು ಹಣ ಕೊಟ್ಟ ಕುಶಲಕರ್ಮಿಗೆ ಚಪ್ಪಲಿಯ ಹಣ ಯಾವಾಗ ಸೇರುತ್ತದೆ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಯಾವುದೇ ಖರೀದಿ ಒಪ್ಪಂದದಲ್ಲಿ ವಿನ್ಯಾಸದ ಮಾತಿನಷ್ಟೇ ಪಾವತಿ ದಿನದ ಮಾತೂ ಮುಖ್ಯ.

ಮೂರನೆಯದು ಬೆಳಗಾವಿಯ ಶ್ರೀ ರೇಣುಕಾ ಶುಗರ್ಸ್. ವಿದ್ಯಾ ಮುರಕುಂಬಿ ಮತ್ತು ಅವರ ಪುತ್ರ ನರೇಂದ್ರ ಮುರಕುಂಬಿ ಅವರು 1998ರಲ್ಲಿ ಆಂಧ್ರ ಪ್ರದೇಶ ಸರಕಾರ ಮಾರಾಟಕ್ಕಿಟ್ಟ ನಿಜಾಮ್ ಡೆಕ್ಕನ್ ಶುಗರ್ಸ್‌ನ ಯಂತ್ರಗಳನ್ನು ಕೊಂಡು ಮುನವಳ್ಳಿಗೆ ತಂದರು. ರೈತರನ್ನೂ ಷೇರುದಾರರನ್ನಾಗಿ ಮಾಡಿಕೊಂಡರು. 2005ರಲ್ಲಿ ಸಾರ್ವಜನಿಕ ಷೇರು ವಿತರಣೆ ನಡೆಯಿತು. 2010ರಲ್ಲಿ ಬ್ರೆಜಿಲ್ ದೇಶದ ಎರಡು ಸಕ್ಕರೆ ಉದ್ದಿಮೆಗಳನ್ನು ಕೈವಶ ಮಾಡಿಕೊಂಡ ನಂತರ ಸಾಲದ ಹೊರೆ ಬೆಳೆಯಿತು. 2015ರಲ್ಲಿ ಬ್ರೆಜಿಲ್‌ನ ಅಂಗಸಂಸ್ಥೆ ನ್ಯಾಯಾಲಯದ ರಕ್ಷಣೆ ಕೋರಬೇಕಾಯಿತು. 2018ರಲ್ಲಿ ಸಿಂಗಾಪುರದ ವಿಲ್ಮರ್ ಸಂಸ್ಥೆಯ ಕೈಗೆ ನಿಯಂತ್ರಣ ಹೋಯಿತು. ಹಳೆಯ ಯಂತ್ರದಿಂದ ಆರಂಭಿಸಿ ಏಳೇ ವರ್ಷಗಳಲ್ಲಿ ಷೇರುಪೇಟೆ ತಲುಪಿದ ಸಾಹಸ ಈ ಜಿಲ್ಲೆಯಲ್ಲೂ ಸಾಧ್ಯವೆಂಬುದಕ್ಕೆ ಇದು ಸಾಕ್ಷಿ. ಸಕ್ಕರೆಯ ಬೆಲೆ ಏರಿಳಿಯಬಹುದು, ಬಡ್ಡಿಯ ದಿನಾಂಕ ಮಾತ್ರ ಏರಿಳಿಯುವುದಿಲ್ಲ ಎಂಬುದಕ್ಕೂ ಇದೇ ಸಾಕ್ಷಿ.

ಕಬ್ಬಿನ ಬಿಲ್ಲು ಮತ್ತು ಪೇಟೆಯ ಹಣ

ಐದೂ ತಾಲೂಕುಗಳ ಪೇಟೆಯಲ್ಲಿ ಹಣ ಓಡಾಡುವ ಬಗೆಯನ್ನು ಕಬ್ಬು ನಿರ್ಧರಿಸುತ್ತದೆ. ಉಗಾರ ಶುಗರ್ ವರ್ಕ್ಸ್ 1939ರಲ್ಲಿ ಸ್ಥಾಪನೆಯಾದಾಗಿನಿಂದ ಈ ಸೀಮೆಯಲ್ಲಿ ಖಾಸಗಿ ಮತ್ತು ಸಹಕಾರಿ ಕಾರ್ಖಾನೆಗಳು ಒಂದರ ನಂತರ ಒಂದು ತಲೆಯೆತ್ತಿವೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ಕಾರ್ಖಾನೆಯು ರೈತನಿಗೆ ಬೆಲೆ ಪಾವತಿಸಬೇಕು. ತಪ್ಪಿದರೆ ವಾರ್ಷಿಕ ಶೇ. 15ರ ಬಡ್ಡಿ ಸಲ್ಲಬೇಕು. ಬೆಲೆಯ ವಿಷಯದಲ್ಲಿ ಎಷ್ಟು ಉದ್ವೇಗವಿದೆ ಎಂಬುದನ್ನು 2025ರ ಅಕ್ಟೋಬರ್ ಕೊನೆಯಿಂದ ಮೂಡಲಗಿ ತಾಲೂಕಿನ ಗುರ್ಲಾಪುರದಲ್ಲಿ ನಡೆದ ರೈತ ಹೋರಾಟ ತೋರಿಸಿತು. ಟನ್ನಿಗೆ 3,500 ರೂಪಾಯಿಯ ಬೇಡಿಕೆಗೆ ಪ್ರತಿಯಾಗಿ ನವೆಂಬರ್ 7ರಂದು 3,300 ರೂಪಾಯಿ ನಿಗದಿಯಾಯಿತು.

ರೈತನ ಬಿಲ್ಲು ಬರುವವರೆಗೆ ಗೊಬ್ಬರದ ಅಂಗಡಿ, ಟ್ರ್ಯಾಕ್ಟರ್ ದುರಸ್ತಿಯವ, ಹನಿ ನೀರಾವರಿ ಸಾಮಗ್ರಿಯ ಮಾರಾಟಗಾರ, ಕಿರಾಣಿ ವ್ಯಾಪಾರಿ, ಎಲ್ಲರೂ ಉದರಿಯ ಮೇಲೆ ವ್ಯವಹರಿಸುತ್ತಾರೆ. ಬಿಲ್ಲು ಬಂದಾಗ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಸಾಲ ಮೊದಲು ಕಡಿತವಾಗುತ್ತದೆ. ಉಳಿದುದರಲ್ಲಿ ಉದರಿ ತೀರುತ್ತದೆ. ಒಂದು ಬೆಳೆಗೆ ಹನ್ನೆರಡರಿಂದ ಹದಿನೆಂಟು ತಿಂಗಳು ಹಿಡಿಯುವ ಕಾರಣ ಈ ಚಕ್ರ ಬಹಳ ನಿಧಾನವಾಗಿ ತಿರುಗುತ್ತದೆ.

ಆದ್ದರಿಂದ ನಗರದಲ್ಲಿ ಯಶಸ್ವಿಯಾದ ಮಾದರಿಯನ್ನು ಹಾಗೆಯೇ ಇಲ್ಲಿ ನೆಡಲಾಗದು. ಮಣ್ಣಿನ ತೇವಾಂಶ ಅಳೆಯುವ ಉಪಕರಣಕ್ಕಾಗಲಿ, ಡ್ರೋನ್ ಮೂಲಕ ಔಷಧ ಸಿಂಪಡಿಸುವ ಸೇವೆಗಾಗಲಿ ತಿಂಗಳ ಚಂದಾ ವಿಧಿಸಿದರೆ, ತಿಂಗಳ ಆದಾಯವೇ ಇಲ್ಲದ ರೈತ ಅದನ್ನು ಹೇಗೆ ಕೊಟ್ಟಾನು? ಸೇವೆ ಬೇಡವೆಂದಲ್ಲ, ಆ ತಿಂಗಳು ಹಣವಿಲ್ಲವೆಂದು ಅವನು ನಿರಾಕರಿಸುತ್ತಾನೆ. ಬಾಂಗ್ಲಾದೇಶದಲ್ಲಿ 1983ರಲ್ಲಿ ಬ್ಯಾಂಕ್ ಆಗಿ ರೂಪುಗೊಂಡ ಗ್ರಾಮೀಣ ಬ್ಯಾಂಕ್ ವಾರದ ಕಂತನ್ನು ಆರಿಸಿಕೊಂಡಿತು. ಅದರ ಸಾಲಗಾರ್ತಿಯರಲ್ಲಿ ಅನೇಕರಿಗೆ ಸಣ್ಣ ವ್ಯಾಪಾರ, ಕೋಳಿ, ಹಾಲಿನಿಂದ ಅಲ್ಪಸ್ವಲ್ಪ ಹಣ ಆಗಾಗ ಬರುತ್ತಿತ್ತು. ಕಬ್ಬಿನ ಸೀಮೆಯಲ್ಲಿ ಹಣದ ಬರುವಿಕೆ ಬೇರೆ ಬಗೆಯದು. ವಸೂಲಿಯ ಪದ್ಧತಿಯೂ ಬೇರೆಯಾಗಿರಬೇಕು.

ಒಂದು ಲೆಕ್ಕ

ವಿಷಯವನ್ನು ಅಂಕಿಗಳಲ್ಲಿ ಪರಿಶೀಲಿಸುವುದು ಸೂಕ್ತ. ಕೆಳಗಿನ ಉದ್ದಿಮೆಯೂ ಅಂಕಿಗಳೂ ಪಾಠಕ್ಕಾಗಿ ಊಹಿಸಿಕೊಂಡವು.

ದಿಗ್ಗೇವಾಡಿಯ ಒಬ್ಬ ಡಿಪ್ಲೊಮಾ ಪದವೀಧರ ಮತ್ತು ಇಬ್ಬರು ಕಬ್ಬು ಬೆಳೆಗಾರರು ಸೇರಿ ರಾಸಾಯನಿಕರಹಿತ ಬೆಲ್ಲದ ಪುಡಿಯ ಘಟಕ ಸ್ಥಾಪಿಸುತ್ತಾರೆ ಎಂದಿಟ್ಟುಕೊಳ್ಳಬಹುದು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ಬೆಳಗಾವಿ ಜಿಲ್ಲೆಗೆ ಗುರುತಿಸಲಾದ ಉತ್ಪನ್ನ ಬೆಲ್ಲವೇ ಆದ್ದರಿಂದ ಈ ಉದಾಹರಣೆ ಸಹಜವಾದುದು.

ಗಾಣ, ಕೊಪ್ಪರಿಗೆ, ಒಣಗಿಸುವ ಮತ್ತು ಪೊಟ್ಟಣ ಕಟ್ಟುವ ಯಂತ್ರ, ಶೆಡ್ಡು ಸೇರಿ 40 ಲಕ್ಷ ರೂಪಾಯಿ. ಇದರಲ್ಲಿ ಸ್ವಂತ ಹಣ 15 ಲಕ್ಷ, ಅವಧಿ ಸಾಲ 25 ಲಕ್ಷ. ವರ್ಷಕ್ಕೆ 150 ದಿನಗಳ ಹಂಗಾಮು. ದಿನಕ್ಕೆ 10 ಟನ್ ಕಬ್ಬು ಅರೆದು 1,000 ಕಿಲೋ ಪುಡಿ.

ದಿನದ ವೆಚ್ಚ ಹೀಗಿದೆ: ಕಟಾವು ಮತ್ತು ಸಾಗಣೆ ಸೇರಿ ಗಾಣಕ್ಕೆ ಮುಟ್ಟಿದ ಕಬ್ಬು ಟನ್ನಿಗೆ 4,000ದಂತೆ 40,000 ರೂಪಾಯಿ, ಕೂಲಿ, ಉರುವಲು, ಪೊಟ್ಟಣ 15,000, ಒಟ್ಟು 55,000. ಮಾರಾಟ ಬೆಲೆ ಕಿಲೋಗೆ 70ರಂತೆ ದಿನಕ್ಕೆ 70,000. ದಿನದ ಮಿಗತೆ 15,000, ಹಂಗಾಮಿಗೆ 22.50 ಲಕ್ಷ. ಇದರಲ್ಲಿ ಅವಧಿ ಸಾಲದ ಬಡ್ಡಿ 2.75 ಲಕ್ಷ, ಸವಕಳಿ 4 ಲಕ್ಷ, ಕಚೇರಿ ಮತ್ತು ಇತರ ವೆಚ್ಚ 3.25 ಲಕ್ಷ ಕಳೆದರೆ 12.50 ಲಕ್ಷ ಲಾಭ ಉಳಿಯುತ್ತದೆ. ಕಾಗದದ ಮೇಲೆ ಯೋಜನೆ ಉತ್ತಮವಾಗಿಯೇ ಕಾಣುತ್ತದೆ.

ಇನ್ನು ದಿನಗಳನ್ನು ಎಣಿಸಬೇಕು. ಒಣಗಿಸಿ, ಪೊಟ್ಟಣ ಕಟ್ಟಿ, ಲಾರಿ ತುಂಬುವಷ್ಟು ಸಂಗ್ರಹಿಸಿ ಕಳುಹಿಸುವುದಕ್ಕೆ 15 ದಿನ. ನಗರದ ಸಗಟು ಖರೀದಿದಾರ ಹಣ ಕೊಡುವುದು ಬಿಲ್ಲಿನಿಂದ 75 ದಿನಕ್ಕೆ. ರೈತನಿಗೆ ಮತ್ತು ಕೂಲಿಯವರಿಗೆ ಘಟಕವು ಹಣ ಕೊಡುವುದು 7 ದಿನದಲ್ಲಿ. ಆದ್ದರಿಂದ ಹಣ ಹೊರಹೋಗಿ ಮರಳುವ ಚಕ್ರ:

15 + 75 – 7 = 83 ದಿನ.

ದಿನದ ವೆಚ್ಚ 55,000 ಆದುದರಿಂದ ಬೇಕಾಗುವ ದುಡಿಯುವ ಬಂಡವಾಳ:

55,000 × 83 = 45,65,000 ರೂಪಾಯಿ.

ಇದು ಯಂತ್ರ ಮತ್ತು ಕಟ್ಟಡದ ಒಟ್ಟು ವೆಚ್ಚಕ್ಕಿಂತ ಹೆಚ್ಚು. ಯೋಜನಾ ವರದಿಯಲ್ಲಿ ಈ ಬಾಬತ್ತಿಗೆ 6 ಲಕ್ಷ ತೋರಿಸಿದ್ದರೆ, ಅದು ಸುಮಾರು 11 ದಿನಗಳ ವೆಚ್ಚಕ್ಕೆ ಸಾಕು. ಏಳು ದಿನಗಳ ವಾಯಿದೆಯನ್ನು ಸೇರಿಸಿದರೂ 18ನೆಯ ದಿನದ ಹೊತ್ತಿಗೆ ಪೆಟ್ಟಿಗೆ ಬರಿದಾಗುತ್ತದೆ. ಖರೀದಿದಾರನ ಮೊದಲ ಹಣ ಬರುವುದು 90 ದಿನಗಳು ಕಳೆದ ಮೇಲೆ. ಘಟಕ ಲಾಭದಲ್ಲಿದ್ದೂ ನಿಲ್ಲುತ್ತದೆ.

ಜೊತೆಗೆ ಇನ್ನೊಂದು ವಿಷಯ. 2022ರ ಜುಲೈ 18ರಿಂದ ಪೊಟ್ಟಣ ಕಟ್ಟಿ ಚೀಟಿ ಹಚ್ಚಿದ ಬೆಲ್ಲವು ಶೇ. 5ರ ಸರಕು ಮತ್ತು ಸೇವಾ ತೆರಿಗೆಗೆ ಒಳಪಟ್ಟಿತು. ಈ ತೆರಿಗೆಯ ಹೊಣೆ ಬಿಲ್ಲು ಕೊಟ್ಟ ತಿಂಗಳಿಗೆ ಸೇರಿದ್ದು. ಖರೀದಿದಾರ ಹಣ ಕೊಟ್ಟನೇ ಇಲ್ಲವೇ ಎಂಬುದನ್ನು ಇಲಾಖೆ ಕೇಳುವುದಿಲ್ಲ. ಮೇಲಿನ ಲೆಕ್ಕದಲ್ಲಿ ಅದನ್ನು ಸೇರಿಸಿಲ್ಲ.

ಬ್ಯಾಂಕ್ ಎಷ್ಟು ಕೊಡುತ್ತದೆ?

ಸಣ್ಣ ಉದ್ದಿಮೆಗಳ ದುಡಿಯುವ ಬಂಡವಾಳವನ್ನು ಬ್ಯಾಂಕುಗಳು 1992ರ ನಾಯಕ್ ಸಮಿತಿಯ ಸೂತ್ರದಂತೆ ಅಳೆಯುತ್ತ ಬಂದಿವೆ. ನಿರೀಕ್ಷಿತ ವಾರ್ಷಿಕ ವಹಿವಾಟಿನ ಶೇ. 25ರಷ್ಟು ಅಗತ್ಯವೆಂದು ಭಾವಿಸಿ, ಶೇ. 20ನ್ನು ಬ್ಯಾಂಕ್ ಕೊಡುವುದು, ಶೇ. 5ನ್ನು ಉದ್ದಿಮೆದಾರ ತರುವುದು. ಪ್ರಸ್ತುತ ಘಟಕದ ವಹಿವಾಟು 70,000 × 150 = 1.05 ಕೋಟಿ. ಅದರ ಶೇ. 20 ಎಂದರೆ 21 ಲಕ್ಷ, ಶೇ. 5 ಎಂದರೆ 5.25 ಲಕ್ಷ, ಒಟ್ಟು 26.25 ಲಕ್ಷ. ಅಗತ್ಯವಿರುವುದು 45.65 ಲಕ್ಷ. ಕೊರತೆ 19.40 ಲಕ್ಷ.

ಇಲ್ಲಿ ಬ್ಯಾಂಕ್ ವ್ಯವಸ್ಥಾಪಕರನ್ನು ದೂಷಿಸಿ ಫಲವಿಲ್ಲ. ಸೂತ್ರವು ವರ್ಷವಿಡೀ ನಡೆಯುವ ವ್ಯವಹಾರವನ್ನು ಗಮನದಲ್ಲಿರಿಸಿ ಮಾಡಿದ್ದು. 150 ದಿನಗಳಲ್ಲಿ ವರ್ಷದ ಕೆಲಸ ಮುಗಿಸುವ ಹಂಗಾಮಿ ಉದ್ದಿಮೆಗೆ ಅದು ಸಾಲದು. ಈ ಸೂತ್ರ ಕನಿಷ್ಠ ಮಿತಿಯೆಂಬುದನ್ನು ನೆನಪಿಸಿ, ತಿಂಗಳವಾರು ನಗದು ಹರಿವಿನ ಪಟ್ಟಿ ಕೊಟ್ಟು ಹಂಗಾಮಿನ ಹೆಚ್ಚುವರಿ ಮಿತಿ ಕೋರುವ ಅವಕಾಶವಿದೆ. ಆ ಪಟ್ಟಿಯನ್ನು ತಯಾರಿಸದೆ ಹೋಗುವವರೇ ಹೆಚ್ಚು.

ಕೊರತೆಯನ್ನು ತುಂಬಲು ಸಾಮಾನ್ಯವಾಗಿ ಎರಡು ದಾರಿಗಳನ್ನು ಹಿಡಿಯಲಾಗುತ್ತದೆ. ಮೊದಲನೆಯದು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಯ ಕೈಸಾಲ. 19.40 ಲಕ್ಷಕ್ಕೆ ಸರಾಸರಿ ಮೂರೂವರೆ ತಿಂಗಳೆಂದರೂ ಸುಮಾರು 1.36 ಲಕ್ಷ ಬಡ್ಡಿ. ಎರಡನೆಯದು, ರೊಕ್ಕ ಎಣಿಸಿ ಕೊಡುವ ವ್ಯಾಪಾರಿಗೆ ಬೆಲೆ ಇಳಿಸಿ ಮಾರುವುದು. ಕಿಲೋಗೆ 8 ರೂಪಾಯಿ ಇಳಿಸಿದರೆ 1,50,000 ಕಿಲೋಗೆ 12 ಲಕ್ಷ. ವರ್ಷದ ಲಾಭ 12.50 ಲಕ್ಷದಿಂದ 50 ಸಾವಿರಕ್ಕೆ ಕುಸಿಯುತ್ತದೆ. ಅಂದರೆ, ಗಾಣ ನಡೆಸಿದವರು ಮೂವರು. ಲಾಭ ಪಡೆದವನು 83 ದಿನ ಕಾಯುವ ಶಕ್ತಿಯಿದ್ದ ನಾಲ್ಕನೆಯವನು.

ದಿನಗಳನ್ನು ಇಳಿಸುವ ಮಾರ್ಗಗಳು

ಮೇಲಿನ ಘಟಕದಲ್ಲಿ ಒಂದು ದಿನದ ಬೆಲೆ 55,000 ರೂಪಾಯಿ. ದಾಸ್ತಾನಿನ ದಿನಗಳನ್ನು 15ರಿಂದ 10ಕ್ಕೂ, ಋಣಿಗಳ ದಿನಗಳನ್ನು 75ರಿಂದ 45ಕ್ಕೂ ಇಳಿಸಿದರೆ ಚಕ್ರವು 10 + 45 – 7 = 48 ದಿನವಾಗುತ್ತದೆ. ಆಗ ಬೇಕಾದ ಹಣ 26.40 ಲಕ್ಷ. ಬ್ಯಾಂಕಿನ ಸೂತ್ರ ಮತ್ತು ಸ್ವಂತ ಪಾಲು ಸೇರಿ ದೊರೆಯುವುದು 26.25 ಲಕ್ಷ. ಹೊರಗಿನ ಹೂಡಿಕೆದಾರನಿಲ್ಲದೆ, ಕೈಸಾಲವಿಲ್ಲದೆ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಇದಕ್ಕೆ ನೆರವಾಗುವ ಸಾಧನಗಳು ಹೀಗಿವೆ:

1. ಲಿಖಿತ ಖರೀದಿ ಆದೇಶ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯ 15ನೇ ಕಲಮಿನಂತೆ, ಒಪ್ಪಂದವಿದ್ದರೆ ಒಪ್ಪಿದ ದಿನದೊಳಗೆ, ಆದರೆ 45 ದಿನ ಮೀರದಂತೆ, ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗೆ ಪಾವತಿ ಆಗಬೇಕು. ಒಪ್ಪಂದವಿಲ್ಲದಿದ್ದರೆ 15 ದಿನ. ಮೀರಿದರೆ 16ನೇ ಕಲಮಿನಂತೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರುಪಟ್ಟು ಚಕ್ರಬಡ್ಡಿ.

2. ಬಿಲ್ಲಿನ ಮೇಲೆ ‘ಉದ್ಯಮ್’ ನೋಂದಣಿ ಸಂಖ್ಯೆ. 2023ರ ಹಣಕಾಸು ಕಾಯ್ದೆಯು 1961ರ ಆದಾಯ ತೆರಿಗೆ ಕಾಯ್ದೆಯ 43-ಬಿ ಕಲಮಿಗೆ ಸೇರಿಸಿದ ಉಪನಿಯಮದಂತೆ, ಮೇಲಿನ ಅವಧಿ ಮೀರಿ ಉಳಿದ ಬಾಕಿಯನ್ನು ಖರೀದಿದಾರನು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ವೆಚ್ಚವೆಂದು ಕಳೆಯಬಹುದು. 2023-24ರ ಲೆಕ್ಕದ ವರ್ಷದಿಂದ ಇದು ಅನ್ವಯವಾಯಿತು. ಬಿಲ್ಲಿನ ಮೇಲೆ ಸಂಖ್ಯೆ ಇಲ್ಲದಿದ್ದರೆ ಖರೀದಿದಾರನ ಲೆಕ್ಕಪರಿಶೋಧಕನಿಗೆ ಅದು ಗೊತ್ತಾಗುವ ಬಗೆ ಹೇಗೆ? ಈ ರಕ್ಷಣೆ ತಯಾರಕರಿಗೆ ಮತ್ತು ಸೇವೆ ಒದಗಿಸುವವರಿಗೆ ಮೀಸಲು. ಕೊಂಡು ಮಾರುವ ವ್ಯಾಪಾರಿಗೆ ಇಲ್ಲ. ನಿಯಮವನ್ನು ತಪ್ಪಿಸಲು ಸಣ್ಣ ಉದ್ದಿಮೆಗಳಿಂದ ಕೊಳ್ಳುವುದನ್ನೇ ಬಿಡುವ ಖರೀದಿದಾರರೂ ಇದ್ದಾರೆಂಬ ದೂರು ಕೇಳಿಬಂದಿದೆ. ಆದುದರಿಂದ ಒಬ್ಬನೇ ಖರೀದಿದಾರನನ್ನು ನೆಚ್ಚಿಕೊಳ್ಳುವುದು ವಿಹಿತವಲ್ಲ.

3. ಬಿಲ್ಲು ಮಾರಾಟದ ವೇದಿಕೆ. ರಿಸರ್ವ್ ಬ್ಯಾಂಕಿನ 2014ರ ಮಾರ್ಗಸೂಚಿಯಂತೆ ರೂಪುಗೊಂಡ ‘ಟ್ರೆಡ್ಸ್’ ವೇದಿಕೆಗಳಲ್ಲಿ, ಖರೀದಿದಾರ ಒಪ್ಪಿದ ಬಿಲ್ಲನ್ನು ಬ್ಯಾಂಕುಗಳು ಹರಾಜಿನ ಮೂಲಕ ಮುಂಗಡವಾಗಿ ಕೊಳ್ಳುತ್ತವೆ. 2024ರ ನವೆಂಬರ್‌ನ ಅಧಿಸೂಚನೆಯು 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಇದರಲ್ಲಿ ನೋಂದಾಯಿಸಿಕೊಳ್ಳುವುದನ್ನು ಕಡ್ಡಾಯಗೊಳಿಸಿತು. ದೊಡ್ಡ ಕಂಪನಿಗೆ ಮಾರುವವರು ಈ ಸೌಲಭ್ಯವನ್ನು ಕೇಳಿ ಪಡೆಯಬೇಕು.

4. ಶೀಘ್ರ ಪಾವತಿಗೆ ರಿಯಾಯಿತಿ. ಮೂವತ್ತು ದಿನ ಮೊದಲೇ ಕೊಟ್ಟವರಿಗೆ ಶೇ. 1 ರಿಯಾಯಿತಿ ಎಂದರೆ ಕಿಲೋಗೆ 70 ಪೈಸೆ. ವಾರ್ಷಿಕ ದರದಲ್ಲಿ ಸುಮಾರು ಶೇ. 12. ಶೇ. 24ರ ಕೈಸಾಲಕ್ಕಿಂತಲೂ, 8 ರೂಪಾಯಿಯ ಕಡಿತಕ್ಕಿಂತಲೂ ಇದು ಅಗ್ಗ.

5. ಕಂತಿನ ಕಾಲ. ಅವಧಿ ಸಾಲದ ಕಂತುಗಳು ಹಂಗಾಮಿನ ತಿಂಗಳುಗಳಲ್ಲಿ ಬೀಳುವಂತೆ ಸಾಲ ಮಂಜೂರಾತಿಗೆ ಮುನ್ನವೇ ಕೇಳಿಕೊಳ್ಳತಕ್ಕದ್ದು. ಮಂಜೂರಾದ ನಂತರದ ಬದಲಾವಣೆಯನ್ನು ಸಾಲದ ಪುನರ್ರಚನೆ ಎಂದು ಪರಿಗಣಿಸುವ ಸಂಭವವಿದೆ.

ಆರನೆಯ ಮಾರ್ಗವೊಂದು ಸುಲಭವಾಗಿ ಹೊಳೆಯುತ್ತದೆ: ರೈತನಿಗೆ 7 ದಿನದ ಬದಲು 60 ದಿನಕ್ಕೆ ಕೊಡುವುದು. ಲೆಕ್ಕದ ಪ್ರಕಾರ ಅದರಿಂದಲೂ ಚಕ್ರ ಕಿರಿದಾಗುತ್ತದೆ. ಆದರೆ ಅದು ದಿನಗಳನ್ನು ಕಡಿಮೆ ಮಾಡುವುದಲ್ಲ, ತನ್ನ ದಿನಗಳನ್ನು ರೈತನ ಹೆಗಲಿಗೆ ವರ್ಗಾಯಿಸುವುದು. ರೈತನೂ ಕಟಾವಿನ ಗ್ಯಾಂಗಿಗೆ, ಗೊಬ್ಬರದ ಅಂಗಡಿಗೆ ಕೊಡಬೇಕಾದವನೇ. ಮುಂದಿನ ಹಂಗಾಮಿಗೆ ಆತ ಬೇರೆ ಗಾಣವನ್ನೋ ಕಾರ್ಖಾನೆಯನ್ನೋ ನೋಡಿಕೊಳ್ಳುತ್ತಾನೆ. ಬೆಳೆಗಾರರನ್ನು ಪಾಲುದಾರರನ್ನಾಗಿ ಮಾಡಿಕೊಂಡು, ಲಾಭದಲ್ಲಿ ಪಾಲು ಕೊಟ್ಟು, ಬೆಲೆಯ ಒಂದು ಭಾಗವನ್ನು ತಡವಾಗಿ ಪಡೆಯಲು ಅವರ ಲಿಖಿತ ಒಪ್ಪಿಗೆ ಪಡೆದರೆ ಅದು ಬೇರೆ ಮಾತು. 2003ರ ಫೆಬ್ರವರಿಯಿಂದ ಕಾನೂನಿನಲ್ಲಿ ಅವಕಾಶ ಪಡೆದಿರುವ ಉತ್ಪಾದಕರ ಕಂಪನಿ ಇದಕ್ಕೆ ತಕ್ಕ ರೂಪ. ಹತ್ತು ಜನ ಉತ್ಪಾದಕರು ಸೇರಿದರೆ ಅದನ್ನು ಸ್ಥಾಪಿಸಬಹುದು. ಉತ್ಪಾದಕರಲ್ಲದವರು ಅದರ ಸದಸ್ಯರಾಗಲಾರರಾದ್ದರಿಂದ ಹೊರಗಿನ ಸಾಹಸ ಬಂಡವಾಳ ತರುವ ಉದ್ದೇಶವಿದ್ದರೆ ಖಾಸಗಿ ಕಂಪನಿಯೇ ಸೂಕ್ತ.

ತೆರಿಗೆ ರಿಯಾಯಿತಿಗಳ ಸ್ಥಾನ

ನವೋದ್ಯಮ ಎಂದೊಡನೆ ತೆರಿಗೆ ವಿನಾಯಿತಿಯ ಪ್ರಶ್ನೆ ಮೊದಲು ಬರುತ್ತದೆ. 1961ರ ಕಾಯ್ದೆಯ 80-ಐಎಸಿ ಕಲಮಿನಡಿ ಮಾನ್ಯತೆ ಪಡೆದ ಕಂಪನಿ ಅಥವಾ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಗೆ ಮೊದಲ ಹತ್ತು ವರ್ಷಗಳಲ್ಲಿ ಸತತ ಮೂರು ವರ್ಷಗಳ ಲಾಭದ ಮೇಲೆ ಪೂರ್ಣ ಕಡಿತವಿದೆ. 2025ರ ಹಣಕಾಸು ಕಾಯ್ದೆಯು ಇದಕ್ಕೆ ಅರ್ಹವಾದ ಸ್ಥಾಪನಾ ದಿನಾಂಕವನ್ನು 2030ರ ಏಪ್ರಿಲ್ 1ಕ್ಕೆ ಮುಂಚಿನವರೆಗೆ ವಿಸ್ತರಿಸಿತು. ಇದಕ್ಕೆ ಇಲಾಖೆಯ ಮಾನ್ಯತೆಯಷ್ಟೇ ಸಾಲದು; ಅಂತರ-ಸಚಿವಾಲಯ ಮಂಡಳಿಯ ಪ್ರಮಾಣಪತ್ರವೂ ಬೇಕು. 115-ಬಿಎಎ ಕಲಮಿನ ಶೇ. 22ರ ದರವನ್ನು ಆಯ್ದುಕೊಂಡ ಕಂಪನಿಗೆ ಈ ಕಡಿತ ದೊರೆಯುವುದಿಲ್ಲ. ಖಾಸಗಿ ಕಂಪನಿಯ ಷೇರುಗಳನ್ನು ನ್ಯಾಯಬೆಲೆಗಿಂತ ಹೆಚ್ಚಿಗೆ ವಿತರಿಸಿದಾಗ ಬೀಳುತ್ತಿದ್ದ, ‘ಏಂಜೆಲ್ ತೆರಿಗೆ’ ಎಂದು ಹೆಸರಾದ 2012ರ ನಿಯಮವು 2025-26ರ ಕರನಿರ್ಧರಣೆ ವರ್ಷದಿಂದ ರದ್ದಾಯಿತು. 2025ರ ಆದಾಯ ತೆರಿಗೆ ಕಾಯ್ದೆಗೆ 2026ರ ಏಪ್ರಿಲ್ 1 ಜಾರಿಯ ದಿನವಾದುದರಿಂದ, ಆ ನಂತರದ ಅವಧಿಗೆ ಕಲಂ ಸಂಖ್ಯೆಗಳನ್ನು ಹೊಸ ಕಾಯ್ದೆಯಲ್ಲಿ ಹುಡುಕಿಕೊಳ್ಳಬೇಕು.

ಇವೆಲ್ಲ ಲಾಭ ಬಂದ ಮೇಲಿನ ಮಾತು. ಲಾಭ 12.50 ಲಕ್ಷದಿಂದ 50 ಸಾವಿರಕ್ಕೆ ಇಳಿದ ಘಟಕಕ್ಕೆ ಪೂರ್ಣ ತೆರಿಗೆ ವಿನಾಯಿತಿ ದೊರೆತರೂ ಉಳಿಯುವುದು ಕೆಲವೇ ಸಾವಿರ. ದಿನಗಳನ್ನು ಉಳಿಸಿದರೆ ಲಕ್ಷಗಳು ಉಳಿಯುತ್ತವೆ. ಸಾಲದ ಖಾತರಿಗೆ ಸಂಬಂಧಿಸಿದ ಸೌಲಭ್ಯ ಇದಕ್ಕಿಂತ ಹೆಚ್ಚು ಉಪಯುಕ್ತ: ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಸಾಲ ಖಾತರಿ ನಿಧಿಯ ಮಿತಿಯನ್ನು 2025ರ ಏಪ್ರಿಲ್ 1ರಿಂದ 5 ಕೋಟಿಯಿಂದ 10 ಕೋಟಿಗೆ ಏರಿಸಲಾಯಿತು. ಹೊಲ-ಮನೆಯನ್ನು ಒತ್ತೆಯಿಡದೆ ಸಾಲ ಕೇಳಲು ಇದು ಆಧಾರ.

ಸಂಸ್ಥೆಗಳ ಹೊಣೆ

ದೇಶಪಾಂಡೆ ಪ್ರತಿಷ್ಠಾನವು ಹುಬ್ಬಳ್ಳಿಯಲ್ಲಿ ಕಟ್ಟಿದ ನವೋದ್ಯಮ ಪೋಷಣಾ ಕೇಂದ್ರದ ದೊಡ್ಡ ಕಟ್ಟಡ 2018ರಲ್ಲಿ ಉದ್ಘಾಟನೆಯಾಯಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಿಂದ ಬೆಳಗಾವಿಯಲ್ಲಿಯೇ ಇದೆ. ಆಲೋಚನೆಗೆ ರೂಪ ಕೊಡುವ, ಮಾದರಿ ತಯಾರಿಸಿ ಪರೀಕ್ಷಿಸುವ ಅನುಕೂಲ ಹೀಗೆ ಹತ್ತಿರವಾಗುತ್ತಿದೆ. ಆದರೆ ಪೋಷಣಾ ಕೇಂದ್ರದ ನೆರವು ಮಾದರಿ ತಯಾರಾಗುವವರೆಗೆ. ಅದು ಮುಗಿದ ಮೇಲೆ ಶುರುವಾಗುವ 83 ದಿನಗಳಿಗೆ ಪೇಟೆಯೇ ನೆರವಾಗಬೇಕು.

ಇಲ್ಲಿ ವಾಣಿಜ್ಯೋದ್ಯಮ ಸಂಸ್ಥೆಗಳ ಪಾತ್ರ ಬರುತ್ತದೆ. ಇವುಗಳ ಸದಸ್ಯರು ಬೆಳಿಗ್ಗೆ ಮಾರುವವರಾಗಿದ್ದರೆ ಸಂಜೆ ಕೊಳ್ಳುವವರಾಗಿರುತ್ತಾರೆ. ತಮಗೆ ಬರಬೇಕಾದ ಹಣ ತಡವಾದಾಗ ನೊಂದುಕೊಳ್ಳುವವರೇ, ತಾವು ಕೊಡಬೇಕಾದ ಹಣವನ್ನು ‘ಮುಂದಿನ ವಾರ ನೋಡೋಣ’ ಎಂದು ಮುಂದೂಡುವುದೂ ಉಂಟು. ದೊಡ್ಡ ಖರೀದಿದಾರನಿಗೆ ಒಂದು ವಾರದ ವಿಳಂಬ ಸಣ್ಣ ಅನುಕೂಲ. ಮೇಲಿನ ಗಾಣಕ್ಕೆ ಅದು 3,85,000 ರೂಪಾಯಿಯ ಹೊಸ ಸಾಲ. ಸದಸ್ಯ ಸಂಸ್ಥೆಗಳು ಹೊಸ ಸ್ಥಳೀಯ ಉದ್ದಿಮೆಗಳ ಬಿಲ್ಲನ್ನು 30 ದಿನಗಳಲ್ಲಿ ತೀರಿಸುವ ಸ್ವಯಂ ನಿಯಮವನ್ನು ಒಪ್ಪಿಕೊಂಡರೆ, ಯಾವ ಸರಕಾರಿ ಅನುದಾನಕ್ಕೂ ಕಾಯದೆ ಈ ಭಾಗದಲ್ಲಿ ನವೋದ್ಯಮದ ಪರಿಸರಕ್ಕೆ ಬುನಾದಿ ಬೀಳುತ್ತದೆ. ಔಂಧದ ಅರಸರು ನೂರು ವರ್ಷಗಳ ಹಿಂದೆ ಭೂಮಿ ಕೊಟ್ಟರು. ಇಂದಿನ ವರ್ತಕರಿಂದ ಅಪೇಕ್ಷಿಸುವುದು ಅಷ್ಟು ದೊಡ್ಡ ದಾನವನ್ನಲ್ಲ. ಬಾಕಿಯನ್ನು ವಾಯಿದೆಯೊಳಗೆ ಕೊಡುವುದನ್ನು ಮಾತ್ರ.

ಸ್ವಯಂ ಪರಿಶೀಲನೆಗೆ

ಹೊಸ ಉದ್ದಿಮೆಯ ಯೋಜನಾ ವರದಿಗೆ ಸಹಿ ಹಾಕುವ ಮುನ್ನ ಉದ್ದಿಮೆದಾರನು ಈ ಕೆಳಗಿನ ಪ್ರಶ್ನೆಗಳಿಗೆ ಲಿಖಿತ ಉತ್ತರ ಬರೆದುಕೊಳ್ಳುವುದು ಒಳಿತು:

1. ಕಚ್ಚಾ ಸಾಮಗ್ರಿಗೆ ಹಣ ಕೊಟ್ಟ ದಿನದಿಂದ ಮಾರಾಟದ ಹಣ ಖಾತೆಗೆ ಜಮಾ ಆಗುವ ದಿನದವರೆಗೆ ಎಷ್ಟು ದಿನ?
2. ಒಂದು ದಿನದ ವೆಚ್ಚ ಎಷ್ಟು? ಎರಡನ್ನೂ ಗುಣಿಸಿದರೆ ಬರುವ ಮೊತ್ತ ವರದಿಯಲ್ಲಿದೆಯೇ?
3. ಆ ಮೊತ್ತದಲ್ಲಿ ಬ್ಯಾಂಕಿನದೆಷ್ಟು, ಸ್ವಂತದ್ದೆಷ್ಟು, ಪೂರೈಕೆದಾರರದ್ದೆಷ್ಟು?
4. ಖರೀದಿದಾರ 30 ದಿನ ತಡಮಾಡಿದರೆ ಉದ್ದಿಮೆ ಯಾವ ತಾರೀಖಿಗೆ ನಿಲ್ಲುತ್ತದೆ?
5. ಉದರಿ ತೀರಿಸುವ ರೈತ ಗ್ರಾಹಕನಿಗೆ ಹಣ ಬರುವ ತಿಂಗಳು ಯಾವುದು? ವಸೂಲಿಯ ದಿನ ಅದಕ್ಕೆ ಹೊಂದುತ್ತದೆಯೇ?

ಅಭ್ಯಾಸಕ್ಕಾಗಿ ಒಂದು ಲೆಕ್ಕ: ಮೇಲಿನ ಘಟಕವು ಉತ್ಪಾದನೆಯ ಅರ್ಧ ಭಾಗವನ್ನು 45 ದಿನಗಳ ಉದರಿಗೂ, ಉಳಿದರ್ಧವನ್ನು ರಾಯಬಾಗ, ಚಿಕ್ಕೋಡಿ, ಮಿರಜ ಪೇಟೆಗಳ ಕಿರಾಣಿ ಅಂಗಡಿಗಳಿಗೆ 10 ದಿನಗಳ ಉದರಿಗೂ ಮಾರಿದರೆ, ದಾಸ್ತಾನು 10 ದಿನವೇ ಇದ್ದಲ್ಲಿ ಚಕ್ರ ಎಷ್ಟು ದಿನವಾಗುತ್ತದೆ? ಉತ್ತರ: ಋಣಿಗಳ ಸರಾಸರಿ 27.5 ದಿನ; ಚಕ್ರ 30.5 ದಿನ, ಬೇಕಾಗುವ ಹಣ 16,77,500 ರೂಪಾಯಿ. ಅಂದರೆ ಬ್ಯಾಂಕ್ ಮಂಜೂರು ಮಾಡುವ 21 ಲಕ್ಷದೊಳಗೇ ಹಂಗಾಮು ಮುಗಿಯುತ್ತದೆ.